ತೆರೆಯ ಮೇಲಿನ ಪುಡಿ, ಓಣಿಯೊಳಗಿನ ಪುಡಿ

2019ರ ದೀಪಾವಳಿಗೆ ತೆರೆಕಂಡ ಲೋಕೇಶ್ ಕನಗರಾಜ್ ನಿರ್ದೇಶನದ ತಮಿಳು ಚಿತ್ರ 'ಕೈದಿ', ತೆಲುಗಿನಲ್ಲಿ 'ಖೈದಿ'ಯಾಗಿಯೂ ಬಂತು. ಗಡಿನಾಡಾದ ರಾಯಚೂರಿನವರಿಗೆ ತೆಲುಗು ಚಿತ್ರಗಳು ಪರಕೀಯವಲ್ಲ. ಮಾದಕ ದ್ರವ್ಯ ಸಾಗಾಟದ ಕುರಿತಾದ ಚಿತ್ರಗಳ ಪೈಕಿ ಇದು ನೋಡುಗರನ್ನು ಕುರ್ಚಿಯ ತುದಿಗೆ ತಂದು ಕೂರಿಸುವಂಥದ್ದು. ಕಥೆ ಒಂದೇ ರಾತ್ರಿಯದು. ನಾಯಕಿಯಿಲ್ಲ, ಹಾಡು ಕುಣಿತಗಳಿಲ್ಲ. ಪೊಲೀಸರು ವಶಪಡಿಸಿಕೊಂಡ ಭಾರೀ ಪ್ರಮಾಣದ ಮಾದಕ ದ್ರವ್ಯವನ್ನು ಮರಳಿ ಪಡೆಯಲು ಹೊರಟ ದಂಧೆಕೋರರು, ಅಧಿಕಾರಿಗಳ ಔತಣಕೂಟದ ಮದ್ಯದಲ್ಲಿಯೇ ಮದ್ದು ಬೆರೆಸುತ್ತಾರೆ. ಕುಡಿದವರೆಲ್ಲ ನೆಲಕ್ಕುರುಳುತ್ತಾರೆ. ಔಷಧ ಸೇವಿಸುತ್ತಿದ್ದ ಕಾರಣ ಕುಡಿಯದೆ ಉಳಿದ ಒಬ್ಬನೇ ಅಧಿಕಾರಿ, ಸೆರೆಮನೆಯಿಂದ ಹೊರಬಂದು ತಾನು ಒಮ್ಮೆಯೂ ಕಂಡಿರದ ಮಗಳನ್ನು ನೋಡಲು ಹೊರಟಿದ್ದವನ ಕೈಗೆ ಲಾರಿಯನ್ನು ಒಪ್ಪಿಸುತ್ತಾನೆ. ಪ್ರಜ್ಞೆ ತಪ್ಪಿದ ಪೊಲೀಸರನ್ನು ಹೇರಿಕೊಂಡು ಆ ಲಾರಿ ಕತ್ತಲನ್ನು ಸೀಳುತ್ತಾ ಓಡುತ್ತದೆ.

ಇಂತಹ ಚಿತ್ರಗಳನ್ನು ನೋಡಬಹುದೇ, ಬಾರದೇ ಎಂಬ ವಾಗ್ವಾದ ನಮ್ಮ ಮನೆಗಳಲ್ಲಿ ಇನ್ನೂ ಮುಗಿದಿಲ್ಲ. ತಂದೆ ಬೇಡವೆಂದು ಹೇಳಿ ಮುಗಿಸುವಷ್ಟರಲ್ಲಿ ಮಗ ಅದನ್ನು ಅಂಗೈಯ ಮೊಬೈಲಿನಲ್ಲಿ ನೋಡಿ ಮುಗಿಸಿರುತ್ತಾನೆ. ಆದ್ದರಿಂದ ಆ ವಾಗ್ವಾದವನ್ನು ಸದ್ಯ ಬದಿಗಿಡೋಣ. ನೋಡಿದವರು ಏನನ್ನು ಕಂಡರು ಎಂಬುದೇ ನಮ್ಮ ಪ್ರಶ್ನೆ. ಬಂದೂಕು, ಬೆನ್ನಟ್ಟುವಿಕೆ, ಪುಂಡರ ಪಡೆ ಎಲ್ಲರಿಗೂ ನೆನಪಿರುತ್ತವೆ. ಲೋಟದಲ್ಲಿ ಮದ್ದು ಬೆರೆಸಿದ ಆ ಕೆಲವು ಕ್ಷಣಗಳು ಮಾತ್ರ ಮರೆತುಹೋಗುತ್ತವೆ. ರಾಯಚೂರು ಜಿಲ್ಲೆಯ ನಿಜವಾದ ಕಥೆಯಿರುವುದು ಅಲ್ಲಿಯೇ.

ನಗರದ ಕೂಲಿಕಾರರ ಬಡಾವಣೆಗಳಲ್ಲಾಗಲಿ, ದೇವದುರ್ಗ, ಮಾನ್ವಿಯ ಕಡೆಯಲ್ಲಾಗಲಿ 'ಸಿಎಚ್ ಪೌಡರ್' ಎಂದರೆ ಬಿಡಿಸಿ ಹೇಳಬೇಕಾಗಿಲ್ಲ. ಕ್ಲೋರಲ್ ಹೈಡ್ರೇಟ್ ಎಂಬುದು ಅದರ ಪೂರ್ಣ ಹೆಸರು. 1832ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್ ಇದನ್ನು ತಯಾರಿಸಿದ. 1869ರಿಂದ ವೈದ್ಯರು ನಿದ್ರೆಯ ಔಷಧವಾಗಿ ಕೊಡತೊಡಗಿದರು. ಉತ್ತಮ ಔಷಧಗಳು ಬಂದ ಮೇಲೆ ವೈದ್ಯಕೀಯ ಲೋಕ ಇದನ್ನು ಬಹುತೇಕ ಕೈಬಿಟ್ಟಿತು. ಸೇಂದಿ ದಂಧೆ ಕೈಬಿಡಲಿಲ್ಲ. ನೀರು, ಸಿಹಿಗೆ ಸ್ಯಾಕರಿನ್, ಅಮಲಿಗೆ ಈ ಪುಡಿ ಇದ್ದರೆ ಈಚಲು ಮರದ ಒಂದು ಹನಿ ರಸವೂ ಬೇಡ. ಪುಡಿ ಸಿಗದಿದ್ದಾಗ ಅಲ್ಪ್ರಾಜೋಲಾಂ, ಡಯಾಜೆಪಾಂಗಳಂತಹ ನಿದ್ರೆಯ ಔಷಧಗಳು ಅದರ ಸ್ಥಾನ ತುಂಬುತ್ತವೆ. ದಿನವಿಡೀ ಗದ್ದೆಯಲ್ಲಿ ಬೆನ್ನು ಬಾಗಿಸಿದ, ಹತ್ತಿ ಬಿಡಿಸಿದ, ಮೂಟೆ ಹೊತ್ತ ಮೈಗೆ ಅದೊಂದು ಅಗ್ಗದ ನಿದ್ದೆ. ಈ ಕಥೆಯಲ್ಲಿ ಹಡಗಿಲ್ಲ, ಕಂಟೇನರ್ ಇಲ್ಲ, ಕೋಟಿಗಳ ಲೆಕ್ಕವೂ ಕಣ್ಣಿಗೆ ಬೀಳುವುದಿಲ್ಲ. ಇರುವುದು ಒಂದು ಪ್ಲಾಸ್ಟಿಕ್ ಕೊಡ, ಒಂದು ಲೋಟ. ಚಿತ್ರದಲ್ಲಿ ಒಂದು ರಾತ್ರಿಗೆ ಮುಗಿದದ್ದು ಇಲ್ಲಿ ಪ್ರತಿ ಸಂಜೆಯ ವಿದ್ಯಮಾನ. ಬಿದ್ದವರನ್ನು ಎತ್ತಿಕೊಂಡು ಹೋಗಲು ಯಾವ ಲಾರಿಯೂ ಬರುವುದಿಲ್ಲ.

"ಇದು ನಮ್ಮವರ ಸಮಸ್ಯೆಯಲ್ಲ, ನಮ್ಮಲ್ಲಿ ಮದ್ಯ ಹರಾಮ್" ಎಂಬ ಉತ್ತರ ನಮ್ಮ ಅನೇಕ ಮೊಹಲ್ಲಾಗಳಲ್ಲಿ ಸಿದ್ಧವಾಗಿರುತ್ತದೆ. ನಿಷಿದ್ಧವೆಂದು ನಂಬುವುದಕ್ಕೂ ದೂರವಿರುವುದಕ್ಕೂ ನಡುವೆ ಎಷ್ಟು ಅಂತರವಿದೆಯೆಂಬುದು ಮಗನನ್ನು ರಾತ್ರೋರಾತ್ರಿ ಪರವೂರಿನ ಆಸ್ಪತ್ರೆಗೆ ಕರೆದೊಯ್ಯುವ ತಾಯಿಗೆ ಗೊತ್ತು. ವಾಸನೆ ಬರುವ ಮದ್ಯವನ್ನು ಮುಟ್ಟದ ಹುಡುಗನೂ ಕೆಮ್ಮಿನ ಸಿರಪ್ಪನ್ನೋ ನಿದ್ರೆಯ ಮಾತ್ರೆಯನ್ನೋ ಔಷಧವೆಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ನುಂಗಬಲ್ಲ. ತಂಗಿಯ ನಿಕಾಹ್ ನಿಂತುಹೋದೀತೆಂಬ ಭಯದಿಂದ ಮನೆಯವರು ಬಾಗಿಲು ಮುಚ್ಚಿಕೊಳ್ಳುತ್ತಾರೆ. ಔಷಧ ಅಂಗಡಿ ಇಟ್ಟಿರುವವರು ನಮ್ಮಲ್ಲಿಯೂ ಇದ್ದಾರೆ. ಅಲ್ಪ್ರಾಜೋಲಾಂ, ಕೊಡೀನ್‌ಗಳಂತಹ ಔಷಧಗಳು 2014ರಿಂದ ಎಚ್1 ಪಟ್ಟಿಯಲ್ಲಿವೆ. ವೈದ್ಯರ ಚೀಟಿಯಿಲ್ಲದೆ ಅವನ್ನು ಮಾರುವಂತಿಲ್ಲ, ರೋಗಿಯ ಮತ್ತು ವೈದ್ಯರ ಹೆಸರನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು 3 ವರ್ಷ ಕಾಯ್ದಿಡಬೇಕು. ಆ ಪುಸ್ತಕ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿದೆಯೇ ಎಂದು ಜುಮಾ ಮುಗಿಸಿ ಹೊರಬರುವ ಅಂಗಡಿಯಾತನನ್ನು ಪರಿಚಿತರೇ ಕೇಳಬಹುದಲ್ಲವೇ?

ಚಿತ್ರಗಳು ಕಲಿಸುವ ಇನ್ನೊಂದು ತಪ್ಪು ಪಾಠವಿದೆ. ಅದು ಖಳನ ಚಹರೆಯ ಕುರಿತಾದದ್ದು. ಸುದ್ದಿ ವಾಹಿನಿಗಳು ಆ ಪಾಠವನ್ನು ಚೆನ್ನಾಗಿ ಕಲಿತಿವೆ. 2021ರ ಅಕ್ಟೋಬರ್‌ನಲ್ಲಿ ನಟ ಶಾರುಕ್ ಖಾನರ ಪುತ್ರನನ್ನು ಬಂಧಿಸಿದಾಗ ಅವು ವಾರಗಟ್ಟಲೆ ನಡೆಸಿದ್ದು ಒಂದು ಥ್ರಿಲ್ಲರ್ ಪ್ರದರ್ಶನವನ್ನೇ. 2022ರ ಮೇ ತಿಂಗಳಲ್ಲಿ ಸಾಕ್ಷ್ಯವಿಲ್ಲವೆಂದು ತನಿಖಾ ಸಂಸ್ಥೆಯೇ ಆರೋಪಪಟ್ಟಿಯಿಂದ ಆತನ ಹೆಸರನ್ನು ಕೈಬಿಟ್ಟಾಗ ಅಷ್ಟೇ ಗದ್ದಲವೇನೂ ಕೇಳಿಬರಲಿಲ್ಲ. ಒಂದು ಹೆಸರಿನ, ಒಂದು ಸಮುದಾಯದ ಬೆನ್ನು ಹತ್ತಿದ ಕ್ಯಾಮರಾ, ಪುಡಿಯನ್ನು ಮೂಟೆಗಟ್ಟಲೆ ಪೂರೈಸುವವನ ಗೋದಾಮಿನತ್ತ ತಿರುಗುವುದು ಅಪರೂಪ. ಅಬಕಾರಿ ದಾಳಿಯಲ್ಲಿ ಸಿಕ್ಕಿಬೀಳುವವರೂ ಹೆಚ್ಚಾಗಿ ಲೋಟಕ್ಕೆ ಸುರಿದು ಕೊಡುವ ಬಡವರೇ.

ದಾಳಿ ಬೇಡವೆಂದು ನಾವು ಹೇಳುತ್ತಿಲ್ಲ. ಆದರೆ ನೆರೆಯ ತೆಲಂಗಾಣದ ಅನುಭವವನ್ನು ನಮ್ಮ ಜಿಲ್ಲಾಡಳಿತ ಮರೆಯಬಾರದು. 2015ರ ಸೆಪ್ಟೆಂಬರ್‌ನಲ್ಲಿ ಅಲ್ಲಿಯ ಸರಕಾರ ಕಲಬೆರಕೆ ಸೇಂದಿಯ ಮೇಲೆ ಮುಗಿಬಿದ್ದಾಗ, ಅದಕ್ಕೆ ದಾಸರಾಗಿದ್ದ ಜನರು ಕೈಕಾಲು ನಡುಕ, ಅಪಸ್ಮಾರ, ಚಿತ್ತಭ್ರಮೆಗಳಿಂದ ನರಳುತ್ತಾ ಆಸ್ಪತ್ರೆಗಳಿಗೆ ಬಂದು ತುಂಬಿದರು. ಹೈದರಾಬಾದಿನ ಎರ್ರಗಡ್ಡದ ಮಾನಸಿಕ ಆಸ್ಪತ್ರೆಯ ಮುಂದೆ ಸಾಲುಗಟ್ಟಿದರು. ಸಾವುಗಳೂ ಸಂಭವಿಸಿದವು. ವರ್ಷಾನುಗಟ್ಟಲೆ ಈ ಪುಡಿಯನ್ನು ನೆಚ್ಚಿದ ದೇಹದಿಂದ ಅದನ್ನು ಒಮ್ಮೆಲೇ ಕಿತ್ತುಕೊಂಡರೆ ಪ್ರಾಣಕ್ಕೇ ಅಪಾಯ. ವೈದ್ಯರ ನಿಗಾದಲ್ಲಿ ಹಂತಹಂತವಾಗಿ ಬಿಡಿಸಬೇಕು. ಹಾಗೆಂದು ದಂಧೆಯನ್ನು ಅದರ ಪಾಡಿಗೆ ಬಿಟ್ಟರೆ ಏನಾಗುತ್ತದೆಂಬುದು 2025ರ ಜುಲೈಯಲ್ಲಿ ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ ತಿಳಿದುಬಂತು. ಕಲಬೆರಕೆ ಸೇಂದಿ ಕುಡಿದ ಹಲವರು ಅಲ್ಲಿ ಪ್ರಾಣ ಕಳೆದುಕೊಂಡರು.

2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕೆ ಒತ್ತಾಯಿಸಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಹೋದ ಸಾವಿರಾರು ಮಹಿಳೆಯರಲ್ಲಿ ರಾಯಚೂರು ಜಿಲ್ಲೆಯವರೂ ಇದ್ದರು. ಕೂಲಿ ಬಿಟ್ಟು, ಮಕ್ಕಳನ್ನು ನೆರೆಮನೆಗೆ ಒಪ್ಪಿಸಿ ಹೊರಟವರು ಅವರು. ಆ ಹೆಜ್ಜೆಗಳ ಜೊತೆ ನಮ್ಮ ಜಮಾಅತ್‌ಗಳು ಎಷ್ಟು ದೂರ ನಡೆದಿವೆ?

ಮಾಡಬಹುದಾದುದು ಬಹಳಷ್ಟಿದೆ. ಮಾದಕ ವಸ್ತು ಕಾಯ್ದೆಯ 64ಎ ಕಲಮಿನ ಪ್ರಕಾರ, ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿಯೇ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಒಳಗಾದರೆ ಆ ಆರೋಪದ ಶಿಕ್ಷಾಕ್ರಮದಿಂದ ರಕ್ಷಣೆಯಿದೆ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಪೊಲೀಸರ ಭಯದಿಂದ ಮಗನನ್ನು ಕೋಣೆಯಲ್ಲಿ ಕೂಡಿಹಾಕುವ ತಂದೆಗೆ ಇದನ್ನು ಯಾರಾದರೂ ಹೇಳಬೇಕು. ವ್ಯಸನಮುಕ್ತಿಗಾಗಿ ಕೇಂದ್ರ ಸರಕಾರದ ಉಚಿತ ಸಹಾಯವಾಣಿ 14446, ಮಸೀದಿಯ ಫಲಕದಲ್ಲಿ ನಮಾಝಿನ ವೇಳಾಪಟ್ಟಿಯ ಕೆಳಗೆ ಬರೆಯಲು ಒಂದು ಸಾಲು ಸಾಕು. ಮುಂದಿನ ದಾಳಿಗೆ ಮುನ್ನ ದೇವದುರ್ಗ ಮತ್ತು ಮಾನ್ವಿಯ ತಾಲೂಕು ಆಸ್ಪತ್ರೆಗಳಲ್ಲಿ ಇಂತಹ ರೋಗಿಗಳಿಗಾಗಿ ಹಾಸಿಗೆ, ಔಷಧ ಮತ್ತು ತರಬೇತಿ ಪಡೆದ ವೈದ್ಯರು ಸಿದ್ಧವಿರಲೆಂಬ ಮನವಿಯನ್ನು ಎಲ್ಲ ಸಮುದಾಯಗಳ ಹಿರಿಯರೊಂದಿಗೆ ಜಿಲ್ಲಾಧಿಕಾರಿಗಳ ಮುಂದಿಡಲು ನಮ್ಮ ಸಮಿತಿಗಳು ಈ ವಾರವೇ ದಿನ ಗೊತ್ತುಮಾಡಲಿ.