ಊಟಕ್ಕೆ ಪಟ್ಟ, ಒಲೆಗೆ ಬಾಕಿ

1825ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನ ಪುಸ್ತಕದಂಗಡಿಗಳಿಗೆ ಎರಡು ಸಂಪುಟಗಳ ಗ್ರಂಥವೊಂದು ಬಂತು. ಮುಖಪುಟದಲ್ಲಿ ಲೇಖಕನ ಹೆಸರಿರಲಿಲ್ಲ. ಬರೆದವರು ಫ್ರಾನ್ಸಿನ ಅತ್ಯುನ್ನತ ಮೇಲ್ಮನವಿ ನ್ಯಾಯಾಲಯದಲ್ಲಿ ಕುಳಿತಿದ್ದ ಜಾಂ ಆಂತೆಲ್ಮ್ ಬ್ರಿಯಾ-ಸಾವರಾಂ. ರುಚಿ, ಹಸಿವು, ಬೊಜ್ಜು, ಉಪವಾಸ, ನಿದ್ದೆ, ಕನಸುಗಳನ್ನು ಕುರಿತು ಇಷ್ಟು ಲವಲವಿಕೆಯಿಂದ ಬರೆದದ್ದು ತೀರ್ಪು ಬರೆಯುವ ಅದೇ ಕೈಯೇ ಎಂದು ಜನ ಕೇಳಿಯಾರೆಂಬ ಸಂಕೋಚ ಅವರಿಗಿದ್ದಿರಬೇಕು. ಗುಟ್ಟು ಬಹಳ ದಿನ ಉಳಿಯಲಿಲ್ಲ, ಲೇಖಕರೂ ಉಳಿಯಲಿಲ್ಲ. 1826ರ ಫೆಬ್ರುವರಿ 2ರಂದು ತೀರಿಕೊಂಡರು. ‘ರುಚಿಯ ಶರೀರಶಾಸ್ತ್ರ’ ಎಂಬ ಅರ್ಥದ ಹೆಸರು ಹೊತ್ತ ಆ ಗ್ರಂಥಕ್ಕೆ ಈಗ 200 ವರ್ಷ ತುಂಬಿದೆ. ಫ್ರೆಂಚರ ಊಟದ ಹಿರಿಮೆಯನ್ನು ಕುರಿತು ಜಗತ್ತು ಆಡುತ್ತ ಬಂದಿರುವ ಮಾತಿನಲ್ಲಿ ಎಷ್ಟೋ ಪಾಲು ಹೊರಟದ್ದು ಅಲ್ಲಿಂದಲೇ. ಆ ಮಾತು ಎಲ್ಲಿಗೆ ಬಂದು ಮುಟ್ಟಿತು, ಆ ಮಾತಿನ ಬೆನ್ನ ಹಿಂದೆ ಮನೆಯೊಲೆಯ ಮುಂದೆ ನಿಂತವರಿಗೆ ಏನು ಸಂದಿತು ಎಂದು ತಿರುಗಿ ನೋಡಲು ಇದು ತಕ್ಕ ಹೊತ್ತು.

ಬ್ರಿಯಾ-ಸಾವರಾಂ ಬರಿಯ ಬಯಲಲ್ಲಿ ನಿಂತು ಬರೆದವರಲ್ಲ. ಗ್ಯಾಸ್ಟ್ರೊನಮಿ ಎಂಬ ಮಾತನ್ನು 1801ರಲ್ಲೇ ಜೋಸೆಫ್ ಬೆರ್ಶೂ ತಮ್ಮ ಕಾವ್ಯವೊಂದರ ಮೂಲಕ ಜನರ ಬಾಯಿಗೆ ತಂದಿದ್ದರು. (ಊಟದ ವಿಷಯವನ್ನು ಪದ್ಯದಲ್ಲಿ ಹೇಳುವುದು ನಮಗೇನೂ ಬೆರಗಿನ ಸಂಗತಿಯಲ್ಲ, ನಮ್ಮ ಮೂರನೆಯ ಮಂಗರಸ ಅದಕ್ಕೆ ಸುಮಾರು ಮುನ್ನೂರು ವರ್ಷ ಮೊದಲೇ ‘ಸೂಪಶಾಸ್ತ್ರ’ ಬರೆದಿಟ್ಟಿದ್ದಾನೆ.) 1803ರಿಂದ ಗ್ರಿಮೊ ದ ಲಾ ರೆನಿಯೇರ್ ಭೋಜನಪ್ರಿಯರ ವಾರ್ಷಿಕ ಪಂಚಾಂಗ ಹೊರತಂದು, ಅಂಗಡಿ ಹೋಟೆಲುಗಳ ಗುಣದೋಷ ಎಣಿಸುವ ಚಾಳಿಗೆ ನಾಂದಿ ಹಾಡಿದ್ದರು. ಕ್ರಾಂತಿಯಲ್ಲಿ ಶ್ರೀಮಂತ ಮನೆತನಗಳು ಚದುರಿಹೋಗಿ, ಅವರ ಅಡುಗೆಯವರಲ್ಲಿ ಹಲವರು ಪ್ಯಾರಿಸ್ಸಿನ ರೆಸ್ಟೊರೆಂಟುಗಳ ಒಲೆ ಹೊತ್ತಿಸಿದ್ದರು. ಈ ಗದ್ದಲದ ನಡುವೆ ನ್ಯಾಯಮೂರ್ತಿಗಳು ದೊಡ್ಡದೊಂದು ಮಾತು ಕೊಟ್ಟರು. ತಿನ್ನುವ ಪ್ರಾಣಿಯಾಗಿ ಮನುಷ್ಯನಿಗೆ ಸಂಬಂಧಿಸಿದ ಅರಿವೆಲ್ಲ ಸೇರಿದರೆ ಅದು ಗ್ಯಾಸ್ಟ್ರೊನಮಿ. ಬೆಳೆಯುವವನು, ಮಾರುವವನು, ಅಡುವವನು, ರಸಾಯನ ಬಲ್ಲವನು, ದೇಶದ ಹಣಕಾಸು ನೋಡುವವನು ಎಲ್ಲರೂ ಅದರ ಪಾಲುದಾರರು. ಅದು ಹೊಟ್ಟೆಬಾಕತನವಲ್ಲ, ವಿದ್ಯೆ. ಮಾತು ಉದಾರವಾದದ್ದೇ. ಆದರೆ ಇದೇ ಗ್ರಂಥದಲ್ಲಿ ಕರಿಯುವ ಶಾಸ್ತ್ರದ ಅಧ್ಯಾಯ ಬಂದಾಗ ಲೇಖಕರು ತಮ್ಮ ಮನೆಯ ಅಡುಗೆಯವನನ್ನು ಎದುರಿಗೆ ನಿಲ್ಲಿಸಿಕೊಂಡು ಉಪನ್ಯಾಸ ಕೊಡುತ್ತಾರೆ. ಬಾಣಲೆ ಹಿಡಿದವನು ಕೇಳಿಸಿಕೊಳ್ಳಬೇಕು, ಮೇಜಿಗೆ ಕುಳಿತವರು ಹೇಳಬೇಕು. ಮುಂದಿನ 200 ವರ್ಷವೂ ಹೆಚ್ಚುಕಡಿಮೆ ಹೀಗೇ ನಡೆಯಿತು.

ಮನೆಯಡುಗೆಗೆ ಅದಕ್ಕಿಂತ ಹಳೆಯ ದಾಖಲೆಯೇ ಇತ್ತು. 1746ರಲ್ಲಿ ಮೆನೊಂ ಎಂಬ ಲೇಖಕ ಅರಮನೆಗಳ ಬಾಣಸಿಗರನ್ನು ಬಿಟ್ಟು, ನಗರದ ಮಧ್ಯಮವರ್ಗದ ಮನೆಗಳಲ್ಲಿ ಅಡುವ ಹೆಂಗಸರಿಗಾಗಿ ಬರೆದ ಪುಸ್ತಕ ಒಂದು ಶತಮಾನಕ್ಕೂ ಹೆಚ್ಚು ಕಾಲ ಮರುಮುದ್ರಣ ಕಂಡಿತು. ಆ ಮನೆಗಳ ಅಡುಗೆಯ ತಿರುಳೇನೆಂದು ತಿಳಿಯಲು ಪೊ-ತೊ-ಫ ಒಂದನ್ನು ನೋಡಿದರೆ ಸಾಕು. ಬೇಗ ಬೇಯದ, ಅಗ್ಗದ ದನದ ಮಾಂಸದ ತುಂಡುಗಳನ್ನು ತಣ್ಣೀರಲ್ಲಿಟ್ಟು, ನೊರೆ ತೆಗೆಯುತ್ತ, ಗಜ್ಜರಿ, ಟರ್ನಿಪ್, ಲೀಕ್, ಲವಂಗ ಚುಚ್ಚಿದ ಈರುಳ್ಳಿ, ಒಂದು ಕಟ್ಟು ಸೊಪ್ಪುಸದೆ ಹಾಕಿ ಮೂರು ನಾಲ್ಕು ಗಂಟೆ ಸಣ್ಣ ಉರಿಯಲ್ಲಿ ಬಿಡುವುದು. ಒಲೆಯ ಮೇಲೆ ಅದು ಬೇಯುತ್ತಿರುವಾಗ ಮನೆಯಾಕೆ ಬಟ್ಟೆ ಒಗೆಯಬಹುದು, ಹೊಲಿಯಬಹುದು. ಮೊದಲು ಸಾರು, ಸುಟ್ಟ ಬ್ರೆಡ್ಡಿನೊಂದಿಗೆ. ಆಮೇಲೆ ಮಾಂಸ ತರಕಾರಿ, ಕಲ್ಲುಪ್ಪು ಸಾಸಿವೆಯೊಂದಿಗೆ. ಮಿಕ್ಕ ಮಾಂಸವನ್ನು ಮರುದಿನ ಈರುಳ್ಳಿಯ ಗೊಜ್ಜಿನಲ್ಲಿ ಬಿಸಿ ಮಾಡುವುದು ಉಂಟು, ಸಣ್ಣಗೆ ಕೊಚ್ಚಿ ಆಲೂಗೆಡ್ಡೆಯ ಹಿಟ್ಟಣಿಯ ಕೆಳಗೆ ಹರಡಿ ಬೇಯಿಸುವುದೂ ಉಂಟು. ಉಳಿದ ಸಾರು ಸಂಜೆಯ ಸೂಪಿಗೆ. ಏನೂ ವ್ಯರ್ಥವಾಗದ, ನಾಳೆಯನ್ನು ಇಂದೇ ಲೆಕ್ಕ ಹಾಕುವ ಈ ಜಾಣ್ಮೆಯನ್ನು ಯಾವ ಅಕಾಡೆಮಿಯೂ ಕಲಿಸಲಿಲ್ಲ. ಹಾಗೆಂದು ಹಳೆಯದಕ್ಕೆಲ್ಲ ಚಿನ್ನದ ಲೇಪ ಹಚ್ಚುವುದೂ ಸಲ್ಲದು. ಅಜ್ಜಿಯ ಅಡುಗೆ ಎಂದು ಇಂದು ಫ್ರೆಂಚರು ಹಂಬಲಿಸುವುದು ಬಹುಮಟ್ಟಿಗೆ ಪಟ್ಟಣದ ಅನುಕೂಲಸ್ಥರ ಅಡುಗೆಯನ್ನು. 19ನೇ ಶತಮಾನದ ಹಳ್ಳಿಗನಿಗೆ ಕಟುಕನಂಗಡಿಯ ಮಾಂಸ ಹಬ್ಬದ ಮಾತು. ಬ್ರಿಟನಿಯಲ್ಲಿ ಬಕ್‌ವೀಟ್ ದೋಸೆ, ನಡುಮಲೆನಾಡಿನಲ್ಲಿ ಚೆಸ್ಟ್‌ನಟ್, ಉಳಿದೆಡೆ ರೈ ಬ್ರೆಡ್ಡು ನೆನೆಸಿದ ಸೂಪು, ಇಷ್ಟೇ ಅವನ ನಿತ್ಯದ ಊಟ.

ಹೋಟೆಲಿನ ಅಡುಗೆ ಬಾಣಸಿಗ ಕಾರೇಮ್‌ನಿಂದ ಬಾಣಸಿಗ ಎಸ್ಕೊಫಿಯೆವರೆಗೆ ಶಿಸ್ತು, ಪದವಿ, ಬಿಳಿ ಟೊಪ್ಪಿಗೆಗಳನ್ನು ಗಳಿಸಿದ ಕಥೆ ಎಲ್ಲರಿಗೂ ಗೊತ್ತು. 1903ರ ಎಸ್ಕೊಫಿಯೆಯ ಕೈಪಿಡಿ ಇಂದಿಗೂ ವೃತ್ತಿಯವರ ಕಪಾಟಿನಲ್ಲಿದೆ. ಅದೇ ಕಾಲದಲ್ಲಿ ಮನೆಯ ಕಡೆಯೂ ಸದ್ದಿಲ್ಲದ ಕೆಲಸ ನಡೆದಿತ್ತು. 1893ರಲ್ಲಿ ‘ಪೊ-ತೊ-ಫ’ ಎಂಬ ಹೆಸರಿನದೇ ಪತ್ರಿಕೆ ಹುಟ್ಟಿತು. ಎರಡು ವರ್ಷದ ನಂತರ ಮಾರ್ತ್ ದಿಸ್ತೆಲ್ ಆರಂಭಿಸಿದ ಪತ್ರಿಕೆಯಿಂದ ಕೊರ್ದೊಂ ಬ್ಲ್ಯೂ ಶಾಲೆ ಬೆಳೆಯಿತು. ಮೊದಲನೆಯ ಮಹಾಯುದ್ಧದ ನಂತರ ಮನೆಗೆಲಸದವರು ಸಿಗುವುದು ಕಷ್ಟವಾಗಿ, ಯಜಮಾನಿತಿಯರೇ ಸೌಟು ಹಿಡಿಯಬೇಕಾಗಿ ಬಂದಾಗ ಈ ಬರಹಗಳೇ ಆಸರೆಯಾದವು. 1927ರಲ್ಲಿ ಮಾದಾಮ್ ಸೇಂತ್-ಆಂಜ್ ಅವರ ಬೃಹತ್ ಪುಸ್ತಕ ಬಂತು. ಉರಿ ಎಷ್ಟಿರಬೇಕು, ಪಾತ್ರೆ ಎಷ್ಟು ಅಗಲವಿರಬೇಕು ಎಂಬುದನ್ನೂ ಬಿಡದೆ ತಿಳಿಸಿದ ಆಕೆಯ ಹೆಸರು ಮಾರಿ ಎಬ್ರಾರ್; ಸೇಂತ್-ಆಂಜ್ ಎಂಬುದು ಗಂಡನ ಹೆಸರು. 1932ರಲ್ಲಿ ಜಿನೆತ್ ಮಾತಿಯೊ ಎಂಬ 25ರ ಶಿಕ್ಷಕಿ ‘ನನಗೆ ಅಡುಗೆ ಬರುತ್ತದೆ’ ಎಂಬ ಧೈರ್ಯದ ಹೆಸರಿನ ಪುಸ್ತಕ ಬರೆದರು. ಮುಂದೆ ಮದುವೆಯಾಗಿ ಹೊಸ ಸಂಸಾರ ಹೂಡಿದ ಲಕ್ಷಾಂತರ ಮನೆಗಳಿಗೆ ಅದು ಹೋಯಿತು. ಲಿಯೊಂ ನಗರದಲ್ಲಿ, ಶ್ರೀಮಂತರ ಮನೆಗಳಲ್ಲಿ ಅಡುಗೆ ಮಾಡುತ್ತಿದ್ದ ಹೆಂಗಸರು ಸ್ವಂತ ಊಟದ ಮನೆ ತೆರೆದು ‘ತಾಯಿ’ ಎಂದು ಕರೆಸಿಕೊಂಡರು. ಹಳ್ಳಿಯಿಂದ ಬಂದ, ಮದುವೆಯಿಲ್ಲದೆ ತಾಯಿಯಾಗಿ ಮನೆಯಿಂದ ಹೊರಬಿದ್ದ ಯೂಜೆನಿ ಬ್ರಾಜಿಯೆ ಅವರ ಎರಡೂ ಊಟದ ಮನೆಗಳಿಗೆ 1933ರಲ್ಲಿ ಮಿಶೆಲಿನ್ ಕೈಪಿಡಿ ತಲಾ ಮೂರು ನಕ್ಷತ್ರ ಕೊಟ್ಟಿತು. ಮನೆಯಡುಗೆ ಬೀದಿಗೆ ಬಂದು ಗೌರವ ಗಳಿಸಿದ ಅಪರೂಪದ ಗಳಿಗೆ ಅದು. ಆಕೆಯ ಅಡುಗೆಮನೆಯಲ್ಲಿ ಪಳಗಿದ ಪಾಲ್ ಬೊಕ್ಯೂಸ್ ಜಗದ್ವಿಖ್ಯಾತರಾದರು. 2007ರಲ್ಲಿ ಆನ್-ಸೋಫಿ ಪಿಕ್ ಮೂರು ನಕ್ಷತ್ರ ಪಡೆದಾಗ, ಆ ಗೌರವ ಹೆಣ್ಣೊಬ್ಬಳಿಗೆ ದಕ್ಕಿ ಅರ್ಧ ಶತಮಾನವೇ ಆಗಿಹೋಗಿತ್ತು.

ಜರ್ಮನರ ಆಕ್ರಮಣದ ವರ್ಷಗಳು ಈ ಇಡೀ ಸಂಭ್ರಮವನ್ನು ಗುಡಿಸಿ ಹಾಕಿದವು. ಬ್ರೆಡ್ಡು, ಬೆಣ್ಣೆ, ಮಾಂಸ ಎಲ್ಲಕ್ಕೂ ಚೀಟಿ. ದನಗಳಿಗೆ ಹಾಕುತ್ತಿದ್ದ ರುಟಬಾಗ, ತೋಪಿನಾಂಬೂರ್ ಗೆಡ್ಡೆಗಳು ಮನುಷ್ಯರ ತಟ್ಟೆಗೆ ಬಂದವು. ಚೀಟಿಯ ಪದ್ಧತಿ ಪೂರ್ತಿ ತೊಲಗಲು 1949 ಬರಬೇಕಾಯಿತು. ಆ ತಲೆಮಾರಿನವರು ಬದುಕಿರುವವರೆಗೂ ಆ ಗೆಡ್ಡೆಗಳನ್ನು ಮೂಸಿ ನೋಡಲಿಲ್ಲ. ಮೊಮ್ಮಕ್ಕಳ ಕಾಲದಲ್ಲಿ ಅವೇ ಗೆಡ್ಡೆಗಳು ದುಬಾರಿ ರೆಸ್ಟೊರೆಂಟುಗಳಲ್ಲಿ ಫ್ಯಾಷನ್ ಆದವು.

ನಂತರದ 30 ವರ್ಷ ಬಿಡುಗಡೆಯ ಕಾಲವೆಂದು ಹೇಳಬೇಕು, ಮನಸ್ಸಿಟ್ಟೇ ಹೇಳಬೇಕು. ಜಾಂ ಮಾಂತ್ಲೆ 1932ರಲ್ಲಿ ರೂಪಿಸಿದ ಕೈಯಿಂದ ತಿರುಗಿಸುವ ತರಕಾರಿ ಅರೆಯುವ ಸಾಧನದಿಂದ ಬೆಳೆದ ಮೂಲಿನೆಕ್ಸ್, ಹೆಂಗಸರಿಗೆ ಬಿಡುಗಡೆ ಕೊಡುವುದಾಗಿಯೇ ಜಾಹೀರಾತು ಹಾಕಿತು. 1953ರಲ್ಲಿ ಸೆಬ್ ಕಂಪನಿಯ ಪ್ರೆಷರ್ ಕುಕ್ಕರ್ ಬಂದು ನಾಲ್ಕು ಗಂಟೆಯ ಪೊ-ತೊ-ಫವನ್ನು ಒಂದು ಗಂಟೆಯ ಆಸುಪಾಸಿಗೆ ಇಳಿಸಿತು. 1954ರಿಂದ ಟೆಲಿವಿಷನ್ನಿನಲ್ಲಿ ರೇಮೊಂ ಒಲಿವಿಯೆ ಅಡುಗೆ ಹೇಳಿಕೊಟ್ಟರು. ಆಗಲೂ ಕಲಿಸುವವನು ಗಂಡಸು, ಪಕ್ಕದಲ್ಲಿ ನಿಂತು ಪ್ರಶ್ನೆ ಕೇಳುವವಳು ಹೆಂಗಸು. 1963ರಲ್ಲಿ ಪ್ಯಾರಿಸ್ ಹೊರವಲಯದ ಸೇಂತ್-ಜೆನೆವಿಯೇವ್-ದೆ-ಬ್ವಾದಲ್ಲಿ ಕಾರ್ಫೂರ್ ಹೈಪರ್‌ಮಾರ್ಕೆಟ್ ತೆರೆಯಿತು. 1965ರವರೆಗೆ ಮದುವೆಯಾದ ಫ್ರೆಂಚ್ ಹೆಣ್ಣು ಗಂಡನ ಒಪ್ಪಿಗೆಯಿಲ್ಲದೆ ಉದ್ಯೋಗಕ್ಕೆ ಸೇರುವಂತಿರಲಿಲ್ಲ, ಬ್ಯಾಂಕ್ ಖಾತೆ ತೆರೆಯುವಂತಿರಲಿಲ್ಲ ಎಂಬುದನ್ನು ನೆನೆದರೆ, ಸಣ್ಣ ಉರಿಯ ಆ ನಾಲ್ಕು ಗಂಟೆಗಳು ಯಾರ ಖರ್ಚಿನಲ್ಲಿ ಬೆಂದವೆಂದು ತಿಳಿಯುತ್ತದೆ. ಕಾನೂನು ಬದಲಾಯಿತು, ಹೆಂಗಸರು ಕಚೇರಿಗೆ ನಡೆದರು. 1969ರಲ್ಲಿ ಪ್ಯಾರಿಸ್ಸಿನ ಎದೆಯಲ್ಲಿದ್ದ ಲೆ ಆಲ್ ಸಗಟು ಮಾರುಕಟ್ಟೆ ರಾಂಜಿಸ್‌ಗೆ ಸಾಗಿತು. ಎರಡು ವರ್ಷದ ಮೇಲೆ ಅದರ ಕಬ್ಬಿಣದ ಮಂಟಪಗಳನ್ನು ಕೆಡವತೊಡಗಿದರು. ಆ ನಷ್ಟವನ್ನು ಪ್ಯಾರಿಸ್ಸಿಗರು ಇನ್ನೂ ಕ್ಷಮಿಸಿಲ್ಲ. ಕ್ಷಮಿಸಬೇಕಾಗಿಯೂ ಇಲ್ಲ.

ವಿಚಿತ್ರವೆಂದರೆ, ಫ್ರೆಂಚ್ ಮನೆಗಳಲ್ಲಿ ಅಡುಗೆಯ ಹೊತ್ತು ಕರಗುತ್ತಿದ್ದ ಆ ದಿನಗಳಲ್ಲೇ ಅಮೆರಿಕದ ಮನೆಗಳಲ್ಲಿ ಫ್ರೆಂಚ್ ಅಡುಗೆ ಹೊಕ್ಕಿತು. ಸಿಮೋನ್ ಬೆಕ್ ಮತ್ತು ಲುಯಿಸೆತ್ ಬೆರ್ತೊಲ್ ಜೊತೆಗೂಡಿ ಜೂಲಿಯಾ ಚೈಲ್ಡ್ 1961ರಲ್ಲಿ ಹೊರತಂದ ಪುಸ್ತಕ ಕೆಲಸದವರಿಲ್ಲದ ಮನೆಗೆಂದೇ ಬರೆದದ್ದು. ಇತ್ತ ಫ್ರಾನ್ಸಿನಲ್ಲಿ 1973ರ ನುವೆಲ್ ಕ್ವಿಜಿನ್, ಅಂದರೆ ‘ಹೊಸ ಅಡುಗೆ’ಯ ಘೋಷಣೆ ಹಿಟ್ಟಿನ ಗಟ್ಟಿ ಸಾಸುಗಳನ್ನು ಹಿಮ್ಮೆಟ್ಟಿಸಿತು, ಬಾಣಸಿಗನನ್ನು ಕಲಾವಿದನ ಪೀಠದಲ್ಲಿ ಕೂರಿಸಿತು. ಮನೆಯೊಲೆಯ ಪರವಾಗಿ ಗಟ್ಟಿಯಾದ ದನಿಯೆದ್ದದ್ದು ವಿದ್ವಾಂಸರ ಕಡೆಯಿಂದ. 1980ರಲ್ಲಿ ಮಿಶೆಲ್ ದ ಸೆರ್ತೋ ಬಳಗದ ದಿನನಿತ್ಯದ ಬದುಕಿನ ಅಧ್ಯಯನದ ಎರಡನೆಯ ಸಂಪುಟದಲ್ಲಿ ಲ್ಯೂಸ್ ಜಿಯಾರ್, ಹೆಸರಿಲ್ಲದ ಅಡುಗೆಯ ಹೆಂಗಸರ ಕೈ, ಮೂಗು, ಜ್ಞಾಪಕ, ಲೆಕ್ಕಾಚಾರಗಳನ್ನು ವಿದ್ಯೆಯೆಂದೇ ಎತ್ತಿಹಿಡಿದರು. ಬ್ರಿಯಾ-ಸಾವರಾಂ ಕೊಟ್ಟ ಮಾತನ್ನು ಯಾರಾದರೂ ಪೂರ್ತಿಯಾಗಿ ನಡೆಸಿಕೊಟ್ಟಿದ್ದರೆ ಅದು ಈಕೆ ಎಂಬುದು ನಮ್ಮ ಅಭಿಪ್ರಾಯ. ಪೇಟೆಯಲ್ಲಿ ಆಕೆಯ ಹೆಸರು ಬಲ್ಲವರು ಕಡಿಮೆ.

1999ರ ಆಗಸ್ಟ್ 12 ನಮ್ಮ ಓದುಗರಲ್ಲಿ ಹಲವರಿಗೆ ನೆನಪಿರುವ ದಿನ. ದಕ್ಷಿಣ ಫ್ರಾನ್ಸಿನ ಮಿಯೊ ಪಟ್ಟಣದಲ್ಲಿ ಕಟ್ಟುತ್ತಿದ್ದ ಮೆಕ್‌ಡೊನಾಲ್ಡ್ಸ್ ಮಳಿಗೆಯನ್ನು ರೈತನಾಯಕ ಜೋಸೆ ಬೊವೆ ಮತ್ತು ಸಂಗಡಿಗರು ಕಳಚಿ ಹಾಕಿದರು; ಹಾರ್ಮೋನು ಕೊಟ್ಟು ಬೆಳೆಸಿದ ದನದ ಮಾಂಸ ಬೇಡವೆಂದ ಯೂರೋಪಿಗೆ ಪ್ರತಿಯಾಗಿ ಅಮೆರಿಕ ಫ್ರೆಂಚರ ರೋಕ್‌ಫೋರ್ ಚೀಸಿನ ಮೇಲೆ ಸುಂಕ ಹೇರಿತ್ತು. ಅದಕ್ಕೂ ಮೂರು ವರ್ಷ ಮೊದಲು ಬೆಂಗಳೂರಿನ ಕೆಎಫ್‌ಸಿಯ ಮೇಲೆ ನಮ್ಮ ರೈತಸಂಘ ನುಗ್ಗಿತ್ತು. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದ ರೈತರ ತಂಡ ಅದೇ 1999ರ ಬೇಸಿಗೆಯಲ್ಲಿ ಯೂರೋಪ್ ಸುತ್ತಿ ಬೊವೆಯ ಬಳಗದೊಂದಿಗೆ ಕೈಜೋಡಿಸಿತ್ತು. ಎರಡೂ ಕಡೆ ಘೋಷಣೆ ಮೊಳಗಿತು, ಎರಡೂ ಕಡೆ ಮಳಿಗೆಗಳು ಹೆಚ್ಚಿದವು. ಅಮೆರಿಕದ ಹೊರಗೆ ಮೆಕ್‌ಡೊನಾಲ್ಡ್ಸ್‌ನ ದೊಡ್ಡ ಮಾರುಕಟ್ಟೆಗಳಲ್ಲಿ ಫ್ರಾನ್ಸೂ ಒಂದು.

2010ರ ನವೆಂಬರಿನಲ್ಲಿ ನೈರೋಬಿಯಲ್ಲಿ ಸೇರಿದ ಯುನೆಸ್ಕೊ ಸಮಿತಿ ಫ್ರೆಂಚರ ಭೋಜನವನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಮಾನ್ಯತೆಯ ಪತ್ರವನ್ನು ಎಚ್ಚರದಿಂದ ಓದಬೇಕು. ಅಲ್ಲಿ ಮಾನ್ಯವಾದದ್ದು ಯಾವುದೋ ಖಾದ್ಯವಲ್ಲ. ಹುಟ್ಟುಹಬ್ಬಕ್ಕೆ, ಮದುವೆಗೆ ನೆಂಟರಿಷ್ಟರು ಕೂಡಿ, ಊಟಕ್ಕೆ ಮುಂಚಿನ ಪಾನೀಯದಿಂದ ಮೊದಲ್ಗೊಂಡು, ಕನಿಷ್ಠ ನಾಲ್ಕು ಸುತ್ತಿನ ಬಡಿಸುವಿಕೆ ಕಂಡು, ಕೊನೆಯ ಮದ್ಯದವರೆಗೆ ಸಾಗುವ ಪದ್ಧತಿ. ಮೇಜಿಗೆ ಪಟ್ಟ ಕಟ್ಟಿದ್ದು ಸರಿಯೇ. ಆದರೆ ಫ್ರಾನ್ಸಿನ ರಾಷ್ಟ್ರೀಯ ಅಂಕಿಅಂಶ ಸಂಸ್ಥೆಯ ಲೆಕ್ಕದಲ್ಲಿ 1986ರಲ್ಲಿ ದಿನಕ್ಕೆ 71 ನಿಮಿಷವಿದ್ದ ಅಡುಗೆಯ ಹೊತ್ತು ಅದೇ 2010ಕ್ಕೆ 53ಕ್ಕೆ ಇಳಿದಿತ್ತು. ತಿನ್ನಲು ಕಳೆಯುವ ಹೊತ್ತು ಮಾತ್ರ ದಿನಕ್ಕೆ ಎರಡು ಗಂಟೆ ಮೀರಿಯೇ ಉಳಿದಿದೆ. ಮಧ್ಯಾಹ್ನ ಒಂದು ಗಂಟೆಗೆ ದೇಶದ ಅರ್ಧ ಜನ ಊಟಕ್ಕೆ ಕುಳಿತಿರುತ್ತಾರೆ. ಕುಳಿತು ಉಣ್ಣುವ ಪದ್ಧತಿ ಉಳಿಯಿತು, ನಿಂತು ಬೇಯಿಸುವ ಕೆಲಸ ಹೆಪ್ಪುಗಟ್ಟಿಸಿದ ಪೊಟ್ಟಣಗಳಿಗೆ ಹೋಯಿತು. ಉಳಿದ 53 ನಿಮಿಷದಲ್ಲೂ ದೊಡ್ಡ ಪಾಲು ಹೆಂಗಸರದೇ. ಅಡುಗೆಮನೆಯಿಂದ ಆಕೆ ಹೊರಬಂದದ್ದರ ಬಗ್ಗೆ ನಾವು ಮರುಗುವುದಿಲ್ಲ. ಆಕೆ ಬಿಟ್ಟ ಜಾಗಕ್ಕೆ ಗಂಡಸಿಗಿಂತ ಮೊದಲು ಫ್ರೀಜರು ಬಂದದ್ದು ಈ 200 ವರ್ಷದ ದೊಡ್ಡ ನಷ್ಟ.

ಗಳಿಕೆಯನ್ನೂ ಹೇಳದಿದ್ದರೆ ಅನ್ಯಾಯವಾದೀತು. ಉತ್ತರ ಆಫ್ರಿಕಾದಿಂದ ಬಂದ ಕುಸ್ಕುಸ್ ಇಂದು ಫ್ರೆಂಚರು ಮೆಚ್ಚುವ ಮನೆಯೂಟಗಳ ಸಾಲಿನಲ್ಲಿ ನಿಂತಿದೆ, ಯಾರ ಅಪ್ಪಣೆಯನ್ನೂ ಕೇಳದೆ. ಶಾಲೆಯ ಮಕ್ಕಳು ಮಧ್ಯಾಹ್ನ ಕುಳಿತು ಹಲವು ಬಗೆಯ ಊಟ ಉಣ್ಣುತ್ತಾರೆ. 2018ರ ಕಾನೂನು ಅದರಲ್ಲಿ ಸಾವಯವ ಪದಾರ್ಥಕ್ಕೂ ಪಾಲು ಕೊಟ್ಟಿದೆ. 2014ರಿಂದ ಹೋಟೆಲುಗಳು, ತಮ್ಮಲ್ಲೇ ಅಟ್ಟ ತಿನಿಸಿಗೆ ‘ಮನೆಯಲ್ಲಿ ಮಾಡಿದ್ದು’ ಎಂಬ ಮುದ್ರೆ ಹಾಕಿಕೊಳ್ಳುತ್ತವೆ. ಸಿದ್ಧ ಅಡುಗೆ ಬಿಸಿ ಮಾಡಿ ಬಡಿಸುವ ಹೋಟೆಲುಗಳು ಅಷ್ಟು ಹೆಚ್ಚಿದ್ದರಿಂದಲೇ ಮುದ್ರೆ ಬೇಕಾಯಿತು ಎಂಬುದು ಬೇರೆ ಮಾತು. 2019ರ ಅಕ್ಟೋಬರಿನಲ್ಲಿ ಲಿಯೊಂ ನಗರದ ಹಳೆಯ ಆಸ್ಪತ್ರೆಯ ಭವ್ಯ ಕಟ್ಟಡದಲ್ಲಿ ಅಂತರರಾಷ್ಟ್ರೀಯ ಗ್ಯಾಸ್ಟ್ರೊನಮಿ ಕೇಂದ್ರ ತೆರೆಯಿತು; ವರ್ಷ ತುಂಬುವ ಮೊದಲೇ, 2020ರ ಬೇಸಿಗೆಯಲ್ಲಿ, ಬಾಗಿಲು ಹಾಕಿತು. ಅದೇ ವರ್ಷದ ವಸಂತದ ಲಾಕ್‌ಡೌನ್ ದಿನಗಳಲ್ಲಿ ಫ್ರಾನ್ಸಿನ ಅಂಗಡಿಗಳಲ್ಲಿ ಗೋಧಿಹಿಟ್ಟಿನ ಕಪಾಟುಗಳು ಖಾಲಿಯಾಗಿದ್ದವು. ಬಿಡುವು ಸಿಕ್ಕಾಗ ಜನ ಒಲೆಯ ಕಡೆಗೇ ನಡೆದರು.

ಬ್ರಿಯಾ-ಸಾವರಾಂ ಅವರ ದ್ವಿಶತಮಾನದ ನೆಪದಲ್ಲಿ ಆ ಗ್ರಂಥವನ್ನು ಓದಹೊರಟವರು ಜಿನೆತ್ ಮಾತಿಯೊ ಅವರನ್ನೂ ಪಕ್ಕದಲ್ಲಿಟ್ಟುಕೊಳ್ಳಲಿ. 1932ರ ಆಕೆಯ ಪುಸ್ತಕ ಪರಿಷ್ಕೃತವಾಗಿ 2009ರಲ್ಲಿ ಇಂಗ್ಲಿಷಿಗೂ ಬಂದಿದೆ. ಮನೆಯಲ್ಲಿ ಗಂಡುಮಕ್ಕಳಿದ್ದರೆ ಮೊದಲು ಅವರ ಕೈಗೇ ಕೊಡಿ.