ಕಾಣದ ಆಧಾರ

ಅಂಬಾಸಿಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಆದರೂ ತಂದೆಯ ಕಾಲದ ಕಾರೆಂದು ಅದನ್ನು ಮಾರದೆ ಉಳಿಸಿಕೊಂಡ ಮನೆಗಳು ಇಂದಿಗೂ ಉಂಟು. ಅಂಥ ಕಾರು ನಿಂತಲ್ಲಿಯೇ ನಡುಗತೊಡಗಿದರೆ, ಹೊರಡುವಾಗ ‘ಧಡ್’ ಎಂದು ಸದ್ದು ಮಾಡಿದರೆ, ಇಂಜಿನ್ನಿನ ಮೌಂಟಿಂಗ್ ಸವೆದಿರಬಹುದು. ಪ್ಲಗ್ಗು ಕೆಟ್ಟರೂ ನಡುಕ ಬರುವುದರಿಂದ ಮೊದಲು ಅದನ್ನು ನೋಡತಕ್ಕದ್ದು.

ಮೌಂಟಿಂಗ್ ಎಂದರೆ ಲೋಹದ ತಗಡುಗಳಿಗೆ ಅಂಟಿಸಿದ ರಬ್ಬರಿನ ದಪ್ಪ ತುಂಡು. ಇಂಜಿನ್ನಿನ ಭಾರವನ್ನು ಹೊತ್ತು, ಅದರ ಕಂಪನವನ್ನು ಕುಳಿತವರಿಗೆ ಮುಟ್ಟದಂತೆ ತಡೆಯುವುದು ಅದರ ಕೆಲಸ. ಕಾವಿಗೆ ರಬ್ಬರು ಗಡುಸಾಗಿ ಸೀಳುತ್ತದೆ. ಎಣ್ಣೆ ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ. ಎಣ್ಣೆ ಸೋರುವುದನ್ನು ನಿಲ್ಲಿಸದೆ ಹೊಸದನ್ನು ಹಾಕುವುದು ತೂತುಗೊಡಕ್ಕೆ ನೀರು ಹೊತ್ತಂತೆ.

ಈ ಕೆಲಸವನ್ನು ಮನೆಯಂಗಳದಲ್ಲಿಯೂ ಮಾಡಬಹುದು. ಆದರೆ ಒಂದು ನಿಯಮವನ್ನು ಮರೆಯಲಾಗದು: ಒಂದು ಆಧಾರವನ್ನು ಕಳಚುವ ಮುನ್ನ ಮತ್ತೊಂದನ್ನು ಕೊಡಬೇಕು. ಹಂಪಿ ಬಜಾರಿನ ಬೀದಿಯಲ್ಲಿ ವಿರೂಪಾಕ್ಷನ ತೇರು ಎಳೆಯುವುದನ್ನು ಕಂಡವರಿಗೆ, ಗಾಲಿಗೆ ಕೊಡುವ ಮರದ ತುಂಡಿನ ಬೆಲೆ ತಿಳಿದಿದೆ. ಕಾರಿನ ಗಾಲಿಗೂ ಹಾಗೆಯೇ ಮರ ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಇಂಜಿನ್ ಆರಿದ ಮೇಲೆ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಬೇಕು. ಎಣ್ಣೆಯ ತಟ್ಟೆ ತೆಳು ತಗಡಿನದು. ಅದಕ್ಕೂ ಜಾಕಿಗೂ ನಡುವೆ ಅಗಲವಾದ ಹಲಗೆಯಿಟ್ಟು, ಮೌಂಟಿಂಗಿನ ಮೇಲಿನ ಭಾರ ಇಳಿಯುವಷ್ಟು ಮಾತ್ರ ಇಂಜಿನ್ನನ್ನು ಎತ್ತಬೇಕು. ಹೆಚ್ಚು ಎತ್ತಿದರೆ ಫ್ಯಾನು ರೇಡಿಯೇಟರಿಗೆ ತಗಲೀತು, ನೀರಿನ ಪೈಪು ಹರಿದೀತು.

ಒಂದು ಬದಿ ಮುಗಿದ ಮೇಲೆಯೇ ಮತ್ತೊಂದನ್ನು ಬಿಚ್ಚಿರಿ. ಒಂದು ಹೊಸದು, ಮತ್ತೊಂದು ಸೀಳಿದ್ದು ಎಂದಾದರೆ ಹೊಸದರ ಮೇಲೆಯೇ ಹೊರೆ ಬೀಳುವುದು. ಆದುದರಿಂದ ಜೋಡಿಯಾಗಿಯೇ ಬದಲಿಸುವುದು ಲೇಸು. ಬೋಲ್ಟುಗಳನ್ನು ಮೊದಲು ಕೈಯಿಂದ ತಿರುವಿ ಕೂರಿಸಿ, ಇಂಜಿನ್ನನ್ನು ಇಳಿಸಿದ ಬಳಿಕ ಬಿಗಿಮಾಡಿರಿ. ಕೆಲದಿನ ಓಡಿಸಿದ ಮೇಲೆ ಬಿಗಿಯನ್ನು ಮತ್ತೊಮ್ಮೆ ನೋಡಿರಿ.

ಕೂಲಿ ಉಳಿಯಲೆಂದು ಬರಿಯ ಜಾಕಿಯನ್ನು ನಂಬಿ ಕಾರಿನಡಿಗೆ ಯಾರೂ ನುಸುಳಬಾರದು. ಜಾಕಿ ಎತ್ತುವ ಸಾಧನ, ಹೊತ್ತು ನಿಲ್ಲುವ ಸಾಧನವಲ್ಲ. ಗಟ್ಟಿಯಾದ ಸ್ಟ್ಯಾಂಡು ಇಲ್ಲದಿದ್ದರೆ ಗ್ಯಾರೇಜಿಗೆ ಒಯ್ಯುವುದೇ ವಿವೇಕ. ಕಾರಿಗೆ ಮೌಂಟಿಂಗ್ ಪೇಟೆಯಲ್ಲಿ ಸಿಗುವುದು. ಮನೆಗೆ ಆಧಾರವಾದ ಜೀವ ಯಾವ ಅಂಗಡಿಯಲ್ಲಿಯೂ ಸಿಗದು.