ಮಾಡಿದ್ದು ಪಾರ್ಲರ್, ಮುರಿದಿದ್ದು ನನ್ನ ಕೂದಲು

(1/4)
ಮೊದಲನೇ ಫೋಟೋ ನೋಡಿದ್ರಾ? ವಿದುರಾಶ್ವತ್ಥದ ನಾಗರಕಲ್ಲುಗಳ ಪಕ್ಕ, ಹೋದ ವರ್ಷದ ತೇರಿನ ದಿನ. ಕೂದಲು ರೇಷ್ಮೆ ದಾರದ ಥರ. ಈಗ ಸ್ವೈಪ್ ಮಾಡಿ. ಕಿವಿ ಹತ್ತಿರ ಎಲ್ಲಾ ತುಂಡು ತುಂಡು. ಈ ಫೋಟೋ ಯಾರೂ ಹಾಕಲ್ಲ, ಅದಕ್ಕೇ ನಾನು ಹಾಕ್ತಿದ್ದೀನಿ.

ಸ್ಟ್ರೇಟ್ನಿಂಗ್ ಮಾಡಿಸ್ಬೇಡಿ ಅಂತ ಹೇಳೋಕೆ ಬಂದಿಲ್ಲ. ನಿಮ್ಮ ತಲೆ, ನಿಮ್ಮಿಷ್ಟ. ನನ್ನ ಜಗಳ ಒಂದೇ ಮಾತಿನ ಮೇಲೆ: "ಆರು ತಿಂಗಳಿಗೊಮ್ಮೆ ಪೂರ್ತಿ ರಿಪೀಟ್ ಮಾಡಿಸ್ಬೇಕು ಮಾ."

(2/4)
ಯಾಕ್ರೀ ಪೂರ್ತಿ? ಆ ಕ್ರೀಮ್ ಕೂದಲೊಳಗಿನ ಗಂಧಕದ ಕೊಂಡಿಗಳನ್ನ ಬಿಡಿಸುತ್ತೆ. ಐರನ್ ನೆಟ್ಟಗೆ ಮಾಡುತ್ತೆ. ನ್ಯೂಟ್ರಲೈಸರ್ ಮತ್ತೆ ಕೊಂಡಿ ಕೂಡಿಸುತ್ತೆ, ಆದ್ರೆ ಎಲ್ಲವನ್ನೂ ಅಲ್ಲ. ನೆಟ್ಟಗಾದ ಭಾಗ ನೆಟ್ಟಗೇ ಇರುತ್ತೆ. ಪರ್ಮನೆಂಟ್ ಅಂತ ತಾನೇ ದುಡ್ಡು ತಗೊಂಡಿದ್ದು? ತಿಂಗಳಿಗೆ ಬೆಳೆಯೋದು ಸುಮಾರು 1 ಸೆಂ.ಮೀ. ಆರು ತಿಂಗಳಿಗೆ ಬುಡದಲ್ಲಿ 6 ಸೆಂ.ಮೀ. ಹೊಸ ಕೂದಲು. ಕ್ರೀಮ್ ಬೇಕಿರೋದು ಅಷ್ಟಕ್ಕೆ, ಬಿಲ್ ಮಾತ್ರ ಸೊಂಟದವರೆಗೆ! ಬಿಕಾಂ ಓದ್ತಾ ಇದನ್ನ ಲೆಕ್ಕ ಹಾಕದೆ ಸ್ಕಾಲರ್‌ಶಿಪ್ ದುಡ್ಡು ಕೊಟ್ಟೆ ನೋಡಿ, ನನಗೇ ನಾಚಿಕೆ.

(ಕೆರಾಟಿನ್ ಟ್ರೀಟ್‌ಮೆಂಟ್ ಬೇರೆ, ಅದು ಕೆಲವು ತಿಂಗಳಲ್ಲಿ ಇಳಿದುಹೋಗುತ್ತೆ. ಅದರ ಹೊಗೆಗೆ ಕಣ್ಣು ಉರಿದ್ರೆ ಎದ್ದು ಬನ್ನಿ. ಬಿಸಿಗೆ ಫಾರ್ಮಾಲ್ಡಿಹೈಡ್ ಬಿಡೋ ಕ್ರೀಮ್‌ಗಳಿವೆ.)

(3/4)
ಮಧ್ಯದ ಆ ತಿಂಗಳುಗಳ ಬಗ್ಗೆ ಪಾರ್ಲರ್‌ನಲ್ಲಿ ಒಂದು ಮಾತೂ ಹೇಳಲಿಲ್ಲ. ಅಲ್ಲೇ ಇರೋದು ವಿಷಯ. ಬುಡದ ಗುಂಗುರು, ಕೆಳಗಿನ ನೇರ, ಇವೆರಡೂ ಸೇರೋ ಜಾಗನೇ ತುಂಡಾಗೋದು. ಒದ್ದೆ ಕೂದಲಿಗೆ ಬಾಚಣಿಗೆ ಹಾಕಿ ಎಳೀಬೇಡಿ. ಅರ್ಧ ಒಣಗಿದ ಮೇಲೆ ಅಗಲ ಹಲ್ಲಿನ ಬಾಚಣಿಗೆ, ತುದಿಯಿಂದ ಮೇಲಕ್ಕೆ. ಬಸ್ಸಿಗೆ ಲೇಟಾಯ್ತು ಅಂತ ರಬ್ಬರ್ ಬ್ಯಾಂಡ್ ಬಿಗಿದು ಓಡ್ತಿದ್ದೆ ನಾನು, ಎರಡನೇ ಫೋಟೋ ಅದರ ಫಲ. ಬಟ್ಟೆ ಬ್ಯಾಂಡ್ ಸಾಕು, ಸಡಿಲವಾಗಿ.

ಇನ್ನು ನಮ್ಮ ಕಡೆ ಬೋರ್ ನೀರು. ಹೀಟರ್ ಕಾಯಿಲ್ ಮೇಲೆ ಬಿಳಿ ಪದರ ಕೂರುತ್ತಲ್ಲ, ಅದೇ ಉಪ್ಪು ಕೂದಲ ಮೇಲೂ ಕೂತು ಒರಟು ಮಾಡುತ್ತೆ. ರೀಲ್ಸ್‌ನಲ್ಲಿ ತೋರಿಸೋ ದುಬಾರಿ ಸೀರಮ್‌ಗೆ ಮುಂಚೆ ಇದು ಮಾಡಿ: ಕಂಡಿಷನರ್ ತೊಳೆದ ಮೇಲೆ ಕೊನೆಯ ಎರಡು ಚೊಂಬು ಫಿಲ್ಟರ್ ನೀರು, ನೀರಿನ ಘಟಕದಿಂದ ತರೋ ಕ್ಯಾನ್‌ದು. ಸ್ನಾನಕ್ಕೆ ಮುಂಚೆ ಒಂದು ಗಂಟೆ ಕೊಬ್ಬರಿ ಎಣ್ಣೆ. ಅಮ್ಮ ಹೇಳಿದಾಗ ನಕ್ಕಿದ್ದೆ.

(4/4)
ಕ್ಲಾಸ್‌ನ ಕೆಲವರಿಗೆ ಒಂದು ಮಾತು. ಗುಂಗುರು ಕೂದಲಿನ ಹುಡುಗಿ ಬಂದ್ರೆ "ಕಾಗೆ ಗೂಡು" ಅಂತೀರಲ್ಲ, ಪಾರ್ಲರ್‌ಗೆ ಗಿರಾಕಿ ಕಳಿಸ್ತಿರೋರು ನೀವೇ. ನಾನು ಹೋಗಿದ್ದೂ ಆ ಮಾತಿಗೇ.

ಮುರಿದಿದ್ದನ್ನ ಭಾನುವಾರ ಕತ್ತರಿಸಿದ್ವಿ. ಕೊನೇ ಫೋಟೋದಲ್ಲಿ ಕತ್ತರಿ ಹಿಡಿದಿರೋದು ಅಮ್ಮ. ಈಗ ಕತ್ತಿನವರೆಗೆ ಇದೆ, ಬುಡದಲ್ಲಿ ಗುಂಗುರು. ಸೋಮವಾರ ಹೀಗೇ ಕಾಲೇಜಿಗೆ ಬರ್ತೀನಿ.

ನಿಮ್ಮ ಪಾರ್ಲರ್‌ನಲ್ಲಿ ಹೊಸ ಕೂದಲಿಗಷ್ಟೇ ಮಾಡ್ತಾರಾ, ಪೂರ್ತಿನಾ? ಕೇಳಿ ಬಂದು ಕೆಳಗೆ ಬರೀರಿ.